ಅಲ್ಯೂಮಿನಿಯಂ ಹಾಳೆಯೂ ಕೇಶಾಲಂಕಾರವೂ

ಅಲ್ಲಲ್ಲಿ ಕೆಲವು ಎಳೆಗಳಿಗೆ ಹೊಂಬಣ್ಣ ಬರಿಸಲೆಂದು ತಲೆತುಂಬ ಅಲ್ಯೂಮಿನಿಯಂ ಹಾಳೆಗಳನ್ನು ಧರಿಸಿ ಕುಳಿತ ತರುಣಿಯರನ್ನು ಕಂಡು ನಗುವವರುಂಟು. ಆ ಲೋಹವೇ ಕೂದಲನ್ನು ಕೆಡಿಸುವುದೆಂದು ದೂರುವವರೂ ಉಂಟು. ಈ ದೂರು ನ್ಯಾಯವಲ್ಲ. ಹಾಳೆಯು ಆಯ್ದ ಎಳೆಗಳನ್ನು ಬೇರ್ಪಡಿಸಿ, ಲೇಪವು ಒಣಗದಂತೆಯೂ ಬಿಸಿಯು ಆರದಂತೆಯೂ ಕಾಯುವುದು, ಅಷ್ಟೆ. ಬಣ್ಣವನ್ನು ಕಳೆಯುವುದು ಲೇಪದೊಳಗಿನ ಹೈಡ್ರೊಜನ್ ಪೆರಾಕ್ಸೈಡು. ಅದು ಮೆಲನಿನ್ ಎಂಬ ವರ್ಣದ್ರವ್ಯವನ್ನು ನಾಶಮಾಡುವಾಗ ಎಳೆಯ ಬಲವನ್ನೂ ಕುಗ್ಗಿಸುವುದು. ನಮ್ಮ ಕಡುಗಪ್ಪು ಕೂದಲು ಮೊದಲು ಕೆಂಪಾಗಿ, ಬಳಿಕ ಕಿತ್ತಳೆಯಾಗಿ, ಬಹಳ ತಡವಾಗಿ ಹಳದಿಯಾಗುವುದು. ಆದುದರಿಂದ ನಮಗೆ ತಗಲುವ ನಷ್ಟವೂ ಹೆಚ್ಚು. ಕಳೆದ ಕಪ್ಪು ಆ ಎಳೆಗೆ ಮರಳದು. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬುಡದಿಂದ ಹೊಸ ಕೂದಲೇ ಬರಬೇಕು. ಸಹೋದರಿಯರೇ, ಬಣ್ಣ ಬೇಡವೆಂದು ನಾನು ಹೇಳುವವಳಲ್ಲ. ಬೆಲೆಯನ್ನು ಕೇಳುವಾಗ ಲೇಪದಲ್ಲಿರುವುದೇನು, ಅದನ್ನು ಎಷ್ಟು ಹೊತ್ತು ಇಡುವರೆಂಬುದನ್ನೂ ಕೇಳಿರಿ; ಮೊದಲು ಒಂದು ಸಣ್ಣ ಎಳೆಯ ಮೇಲೆ ಪರೀಕ್ಷಿಸಿ ತೋರಿಸುವಂತೆ ಒತ್ತಾಯಮಾಡಿರಿ.