ನ್ಯಾಯದಾನದ ತೆರೆಮರೆಯ ಸೇವಕರು

ಸಂವಿಧಾನದ 39ಎ ವಿಧಿ ಹಾಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಡವರಿಗೆ ಉಚಿತ ಕಾನೂನು ನೆರವಿನ ಭರವಸೆ ನೀಡಿವೆ. ಆದರೆ ಅಂಥದೊಂದು ಹಕ್ಕು ಇದೆಯೆಂಬುದೇ ತಿಳಿಯದವರಿಗೆ ಕಾಯ್ದೆಯಿಂದ ಏನು ಪ್ರಯೋಜನ?

ಈ ಕೊರತೆ ನೀಗಿಸುತ್ತಿರುವವರು ಅರೆ ಕಾನೂನು ಸ್ವಯಂಸೇವಕರು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ರೂಪಿಸಿದ ಯೋಜನೆಯಡಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು ತರಬೇತಿ ಪಡೆದು ಈ ಸೇವೆಗೆ ಬರುತ್ತಾರೆ. ಇವರು ವಕೀಲರಲ್ಲ, ವಾದಿಸುವಂತಿಲ್ಲ. ಅರ್ಜಿ ಬರೆಯಲು ನೆರವಾಗುವುದು, ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ ತೋರುವುದು, ಸಣ್ಣಪುಟ್ಟ ವ್ಯಾಜ್ಯಗಳನ್ನು ಲೋಕ ಅದಾಲತ್‌ಗೆ ತರುವುದು ಇವರ ಕೆಲಸ.

ಕಾರಾಗೃಹಗಳಲ್ಲಿ ಇವರ ಪಾತ್ರ ಇನ್ನೂ ಹಿರಿದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಶಿಕ್ಷೆಗೊಳಗಾಗದ ವಿಚಾರಣಾಧೀನ ಕೈದಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪ ಹೊತ್ತವರಿಗೆ, ಹಲವು ಪ್ರಕರಣ ಎದುರಿಸುತ್ತಿರುವವರಿಗೆ ಇದು ಅನ್ವಯಿಸದು. ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆ ಜೈಲು ಅಧೀಕ್ಷಕರದು. ಆದರೆ ದಿನ ಲೆಕ್ಕವಿಟ್ಟು ನೆನಪಿಸುವವರಿಲ್ಲದಿದ್ದರೆ ಅರ್ಹ ಕೈದಿಯೂ ಒಳಗೇ ಉಳಿಯುವ ಅಪಾಯವಿದೆ.

ಇಷ್ಟಾದರೂ ಇವರಿಗೆ ಸಂಬಳವಿಲ್ಲ. ದುಡಿದ ದಿನಕ್ಕೆ ಗೌರವಧನವಷ್ಟೇ. ವೇದಿಕೆಯ ಮೇಲಿನ ಪ್ರಶಂಸಾಪತ್ರಕ್ಕಿಂತ ನ್ಯಾಯೋಚಿತ ಗೌರವಧನ ಮತ್ತು ನಿರಂತರ ತರಬೇತಿಯೇ ಇವರಿಗೆ ಸಲ್ಲಬೇಕಾದ ನಿಜವಾದ ಮನ್ನಣೆ.