ಬಳಸಿದರೆ ಉಳಿಯುವ ದಾರಿ

ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸಕ್ಕೆ ಹೊರಡುವವರು ಮೊದಲು ಬಿಡಿಸಿ ನೋಡುವುದು ರಸ್ತೆಯ ನಕಾಶೆಯನ್ನು. ಅಲ್ಲಿ ಹೆಸರಾದ ಮಿಶೆಲಿನ್ ನಕಾಶೆಗಳಲ್ಲಿ ಮುಖ್ಯ ರಸ್ತೆಗಳಿಗೆ ಕೆಂಪು, ಅವುಗಳಿಗಿಂತ ಕಿರಿದಾದವಕ್ಕೆ ಹಳದಿ, ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗಳಿಗೆ ಬಿಳಿ ಬಣ್ಣ. ಸುತ್ತಲ ನೋಟ ಸೊಗಸಾಗಿದ್ದರೆ ಪಕ್ಕದಲ್ಲೊಂದು ಹಸಿರು ಗೆರೆ. ಕಡಿದಾದ ಏರಿದ್ದರೆ ಬಾಣದ ಗುರುತು. ಅನುಭವವುಳ್ಳ ಸವಾರರು ಕೆಂಪನ್ನು ಬಿಟ್ಟು ಬಿಳಿಯನ್ನೇ ಹುಡುಕಿ ಜೋಡಿಸಿಕೊಳ್ಳುತ್ತಾರೆ. ಗೋಧಿಯ ಹೊಲ, ದನ ಮೇಯುವ ಹುಲ್ಲುಗಾವಲು, ದ್ರಾಕ್ಷಿತೋಟ, ಕಲ್ಲಿನ ಸೇತುವೆ, ಇಗರ್ಜಿಯ ಗೋಪುರ ಕಾಣುವ ಪುಟ್ಟ ಊರು ಇವುಗಳ ನಡುವೆ ಮೆಲ್ಲನೆ ಏರಿಳಿಯುವ ಆ ದಾರಿಗಳಲ್ಲಿ ಗಂಟೆಗಟ್ಟಲೆ ಸಾಗಿದರೂ ಎದುರಾಗುವ ವಾಹನಗಳು ಕೆಲವೇ.

ಈ ಶಾಂತಿ ಪ್ರಕೃತಿ ತಾನಾಗಿ ಕೊಟ್ಟದ್ದೆಂದು ಪ್ರವಾಸಿಗರು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಹಲವು ತಲೆಮಾರುಗಳ ಸಾರ್ವಜನಿಕ ನಿರ್ಧಾರಗಳಿಂದ ಬೆಳೆದುಬಂದ ಆಸ್ತಿ. ಕಾನೂನು, ಮರಗಿಡ ಮತ್ತು ಜನರ ಬಳಕೆ ಈ ಮೂರೂ ಅದನ್ನು ಹೊತ್ತು ನಿಂತಿವೆ. ಒಂದು ಕುಸಿದರೂ ಆ ಬಿಳಿ ಗೆರೆಗಳು ನಕಾಶೆಯಿಂದ ಅಳಿಸಿಹೋಗಬಹುದು.

ಸಣ್ಣ ರಸ್ತೆಗಳ ಈ ದಟ್ಟ ಜಾಲಕ್ಕೆ ಬುನಾದಿ ಹಾಕಿದ್ದು 1836ರ ಮೇ 21ರ ಕಾನೂನು. ಊರುಗಳ ನಡುವಿನ ದಾರಿಗಳನ್ನು ನಿರ್ಮಿಸಿ ಸುಸ್ಥಿತಿಯಲ್ಲಿಡುವುದು ಆಯಾ ಕಮ್ಯೂನಿನ, ಅಂದರೆ ಗ್ರಾಮ ಪಂಚಾಯಿತಿಯನ್ನು ಹೋಲುವ ಸ್ಥಳೀಯ ಸಂಸ್ಥೆಯ, ಕಡ್ಡಾಯ ಹೊಣೆಯಾಯಿತು. ಅದಕ್ಕಾಗಿ ಗ್ರಾಮಸ್ಥರಿಂದ ವರ್ಷಕ್ಕೆ 3 ದಿನಗಳವರೆಗೆ ಶ್ರಮವನ್ನು, ಇಲ್ಲವೇ ಅದರ ಬದಲಿಗೆ ಹಣವನ್ನು ಪಡೆಯಲು ಅವಕಾಶವಿತ್ತು. ಹೀಗೆ ರೈತರು ಸಂತೆಗೆ, ಗಿರಣಿಗೆ, ಇಗರ್ಜಿಗೆ ಹೋಗಲೆಂದು ತಮ್ಮ ಬೆವರಿನಿಂದಲೇ ಮಾಡಿಕೊಂಡ ದಾರಿಗಳು ಇಂದು ಸೈಕಲ್ ಸವಾರರಿಗೆ ಒದಗಿಬಂದಿವೆ. ಫ್ರಾನ್ಸಿನ ಒಟ್ಟು ರಸ್ತೆಗಳ ಉದ್ದ 10 ಲಕ್ಷ ಕಿ.ಮೀ.ಗೂ ಹೆಚ್ಚು. ಅದರಲ್ಲಿ ಸುಮಾರು 7 ಲಕ್ಷ ಕಿ.ಮೀ. ಕಮ್ಯೂನುಗಳ ಉಸ್ತುವಾರಿಯಲ್ಲಿದೆ. ವೇಗದ ಸಂಚಾರಕ್ಕೆಂದೇ ಇರುವ ಹೆದ್ದಾರಿಗಳು ಸುಮಾರು 12 ಸಾವಿರ ಕಿ.ಮೀ. ಮಾತ್ರ, ಭಾರೀ ವಾಹನಗಳ ದೊಡ್ಡ ಪಾಲನ್ನು ಅವೇ ಸೆಳೆದುಕೊಳ್ಳುವುದರಿಂದ ಹಳ್ಳಿಯ ರಸ್ತೆಗಳಿಗೆ ಬಿಡುವು ದೊರೆತಿದೆ.

ಈ ದಾರಿಗಳಲ್ಲಿ ನಿಧಾನವಾಗಿ ಸಾಗುವುದರಲ್ಲೇ ಒಂದು ಜೀವನದೃಷ್ಟಿಯಿದೆ ಎಂದು ಸಾರಿದವರಲ್ಲಿ ಪಾಲ್ ದ ವಿವಿ ಪ್ರಮುಖ. 1853ರಲ್ಲಿ ಹುಟ್ಟಿದ ಆತ 'ವೆಲೋಸಿಯೊ' ಎಂಬ ಹೆಸರಿನಿಂದ ಪ್ರಸಿದ್ಧನಾದ. ಸೇಂಟ್ ಎಟಿಯೆನ್ ನಗರದಲ್ಲಿ ನೆಲೆಸಿ 1887ರಲ್ಲಿ ಸೈಕಲ್ಲಿಗಾಗಿ ಪತ್ರಿಕೆಯೊಂದನ್ನು ಹೊರಡಿಸಿದ. ಸಸ್ಯಾಹಾರ ಮತ್ತು ಮಿತ ಜೀವನವನ್ನು ಬೋಧಿಸಿದ ಆತ ಏರುದಾರಿಯಲ್ಲಿ ಶ್ರಮ ಕಡಿಮೆ ಮಾಡುವ ಗೇರುಗಳ ಪರವಾಗಿ ಜೀವನವಿಡೀ ವಾದಿಸಿದ. ಸ್ಪರ್ಧೆಗಾಗಿ ಅಲ್ಲದೆ ನೋಡುವುದಕ್ಕಾಗಿ ಸೈಕಲ್ ತುಳಿಯುವ ಪರಂಪರೆಗೆ ಫ್ರೆಂಚರು ಇಂದಿಗೂ ಆತನನ್ನು ಪಿತಾಮಹನೆಂದು ಗೌರವಿಸುತ್ತಾರೆ. 1930ರಲ್ಲಿ ಆತ ಟ್ರಾಮ್ ಡಿಕ್ಕಿ ಹೊಡೆದು ತೀರಿಕೊಂಡದ್ದು ವಿಧಿಯ ವ್ಯಂಗ್ಯವೇ ಸರಿ.

ಇಂಥ ದಾರಿಗಳನ್ನು ಜೋಡಿಸಿ ದೂರದ ಸೈಕಲ್ ಮಾರ್ಗಗಳನ್ನು ರೂಪಿಸುವ ರಾಷ್ಟ್ರೀಯ ಯೋಜನೆಗೆ ಸರ್ಕಾರ 1998ರಲ್ಲಿ ಒಪ್ಪಿಗೆ ನೀಡಿತು. ಅದರ ಕ್ರಮ ಸರಳವಾದುದು. ಸಾಧ್ಯವಿದ್ದೆಡೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ 'ಹಸಿರು ಹಾದಿ'. ಉಳಿದೆಡೆ ಈಗಾಗಲೇ ಇರುವ, ಸಂಚಾರ ವಿರಳವಾದ ಸಣ್ಣ ರಸ್ತೆ. ಲುವಾರ್ ನದಿಯನ್ನು ಹಿಡಿದು ಅಟ್ಲಾಂಟಿಕ್ ಕಡಲಿನವರೆಗೆ ಸಾಗುವ ಸುಮಾರು 900 ಕಿ.ಮೀ. ಮಾರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಬಹುಭಾಗ ನದಿಯ ಏರಿ, ಹೊಲದಂಚಿನ ರಸ್ತೆ, ಊರೊಳಗಿನ ಬೀದಿ. ಹೊಸದಾಗಿ ಅಗೆದದ್ದು ಕಡಿಮೆ, ಇದ್ದುದನ್ನು ಗುರುತುಫಲಕಗಳಿಂದ ಬೆಸೆದದ್ದೇ ಹೆಚ್ಚು.

ಹಸಿರು ಹಾದಿಗಳ ಕಥೆ ಇನ್ನೂ ಸ್ವಾರಸ್ಯಕರ. 19ನೆಯ ಶತಮಾನದ ಕೊನೆಯಲ್ಲಿ ಸಣ್ಣ ಪಟ್ಟಣಗಳಿಗೂ ಹಾಕಿದ ರೈಲುಹಳಿಗಳಲ್ಲಿ ಬಹಳಷ್ಟು ಮುಂದೆ ಬಸ್ಸು ಕಾರುಗಳ ಪೈಪೋಟಿಯಲ್ಲಿ ಮುಚ್ಚಿಹೋದವು. ಬರ್ಗಂಡಿಯಲ್ಲಿ ಜೀವ್ರಿಯಿಂದ ಕ್ಲೂನಿಯವರೆಗೆ ಹಾಗೆ ಪಾಳುಬಿದ್ದಿದ್ದ 44 ಕಿ.ಮೀ. ಹಳಿದಾರಿ 1997ರಲ್ಲಿ ಸೈಕಲ್ ಮತ್ತು ನಡಿಗೆಯ ಹಾದಿಯಾಗಿ ತೆರೆದುಕೊಂಡಿತು. ರೈಲು ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಹಳಿ ಹಾಕಿದವರು ಗುಡ್ಡವನ್ನು ಬಳಸಿಯೋ ಕೊರೆದೋ ಹದವಾದ ಇಳಿಜಾರನ್ನು ಉಳಿಸಿಕೊಂಡಿದ್ದರು. ಆ ಹದ ಇಂದು ಮಕ್ಕಳಿಗೂ ವೃದ್ಧರಿಗೂ ವರವಾಗಿದೆ. ಕ್ಲೂನಿಯಿಂದ ಮುಂದೆ ಬ್ವಾ ಕ್ಲೇರ್ ಎಂಬಲ್ಲಿ ಸುಮಾರು 1.6 ಕಿ.ಮೀ. ಉದ್ದದ ಹಳೆಯ ರೈಲು ಸುರಂಗವಿದೆ. ಚಳಿಗಾಲದಲ್ಲಿ ಅಲ್ಲಿ ಬಾವಲಿಗಳು ದೀರ್ಘನಿದ್ರೆಗೆ ಸೇರುತ್ತವೆ. ಅವುಗಳ ನಿದ್ರೆ ಕೆಡದಿರಲೆಂದು ಆ ತಿಂಗಳುಗಳಲ್ಲಿ ಸುರಂಗವನ್ನು ಮುಚ್ಚಲಾಗುತ್ತದೆ. ಸವಾರರು ಗುಡ್ಡ ಹತ್ತಿ ಇಳಿಯುತ್ತಾರೆ. ದಾರಿಯಲ್ಲಿ ಮನುಷ್ಯನಿಗಷ್ಟೇ ಪಾಲಿಲ್ಲ ಎಂಬುದನ್ನು ಒಪ್ಪಿಕೊಂಡ ಸಮಾಜದ ನಡವಳಿಕೆ ಇದು.

ಆದರೆ ಎಲ್ಲವೂ ಹೀಗೆ ಹಸನಾಗಿಲ್ಲ. ಪಿಯೆರ್ ಪಾಲ್ ರಿಕೆ 1666ರಲ್ಲಿ ಆರಂಭಿಸಿದ ಮಿದಿ ಕಾಲುವೆ 1681ರಲ್ಲಿ ಪೂರ್ಣಗೊಂಡು ತುಲೂಸ್ ನಗರವನ್ನು ಮೆಡಿಟರೇನಿಯನ್ ಕರಾವಳಿಗೆ ಜೋಡಿಸಿತು. 240 ಕಿ.ಮೀ. ಉದ್ದದ ಈ ಕಾಲುವೆಯ ದಂಡೆಯಲ್ಲಿ ಹಿಂದೆ ಕುದುರೆಗಳು ದೋಣಿಗಳನ್ನು ಎಳೆಯುತ್ತಿದ್ದ ದಾರಿಯೇ ಈಗಿನ ಸೈಕಲ್ ದಾರಿ. ಅದರ ಇಕ್ಕೆಲಗಳಲ್ಲಿ ಸುಮಾರು 42 ಸಾವಿರ ಪ್ಲೇನ್ ಮರಗಳಿದ್ದವು. ಕಾಶ್ಮೀರದ ಚಿನಾರಿನ ಹತ್ತಿರದ ಬಂಧುವಾದ ಈ ಮರ ನೆರಳು ಕೊಟ್ಟು, ಬೇರುಗಳಿಂದ ದಂಡೆಯನ್ನು ಬಿಗಿಹಿಡಿದು ನಿಂತಿತ್ತು. 2006ರಲ್ಲಿ ಈ ಸಾಲಿನಲ್ಲಿ ಶಿಲೀಂಧ್ರ ರೋಗವೊಂದು ಪತ್ತೆಯಾಯಿತು. ಗಾಯದ ಮೂಲಕ ಒಳಸೇರುವ ಆ ಶಿಲೀಂಧ್ರ ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕಿ ಕೆಲವೇ ವರ್ಷಗಳಲ್ಲಿ ಮರವನ್ನು ಒಣಗಿಸುತ್ತದೆ. ಹರಿಯುವ ನೀರೂ ದಂಡೆಯ ಬೇರುಗಳಿಗೆ ತಾಗುವ ದೋಣಿಗಳೂ ರೋಗವನ್ನು ಹರಡಿದವು. ಕಾಯಿಲೆ ಬಿದ್ದ ಮರಕ್ಕೆ ಮದ್ದಿಲ್ಲ. ಸಾವಿರ ಸಾವಿರ ಸಂಖ್ಯೆಯಲ್ಲಿ ಕಡಿದು ಸ್ಥಳದಲ್ಲೇ ಸುಡಬೇಕಾಯಿತು. ಒಂದೇ ಜಾತಿಯನ್ನು ಮೈಲುಗಟ್ಟಲೆ ನೆಟ್ಟಲ್ಲಿ ಒಂದೇ ರೋಗ ಎಲ್ಲವನ್ನೂ ಕಬಳಿಸುತ್ತದೆ ಎಂಬ ಕೃಷಿಯ ಹಳೆಯ ಪಾಠವನ್ನು ಕಾಲುವೆ ಬಹು ದುಬಾರಿ ಬೆಲೆಗೆ ಕಲಿಯಿತು. ಈಗ ಓಕ್ ಜಾತಿಯೊಂದನ್ನು ಮುಖ್ಯವಾಗಿಟ್ಟುಕೊಂಡು ಬೇರೆ ಬೇರೆ ಮರಗಳನ್ನು ಬೆರೆಸಿ ನೆಡಲಾಗುತ್ತಿದೆ. ಅವುಗಳ ನೆರಳು ಹಳೆಯ ನೆರಳಿನಷ್ಟಾಗಲು ಒಂದು ತಲೆಮಾರಾದರೂ ಬೇಕು.

ಕಾಲುವೆಯ ಮರಗಳ ನಷ್ಟ ಕಣ್ಣಿಗೆ ಕಂಡಿತು, ಸುದ್ದಿಯಾಯಿತು. ಹೊಲದಂಚಿನ ಜೀವಂತ ಬೇಲಿಗಳ ನಷ್ಟ ಅಷ್ಟು ಸುದ್ದಿಯಾಗಲಿಲ್ಲ. ಪಶ್ಚಿಮ ಫ್ರಾನ್ಸಿನ ಬ್ರಿಟನಿ, ನಾರ್ಮಂಡಿ ಪ್ರಾಂತಗಳಲ್ಲಿ ಓಕ್, ಹೇಜಲ್, ಮುಳ್ಳುಗಿಡಗಳು ಬೆರೆತ ಬೇಲಿಗಳು ಹೊಲಗಳನ್ನೂ ದಾರಿಗಳನ್ನೂ ಸುತ್ತುವರಿದಿದ್ದವು. ಅವು ಗಾಳಿಯನ್ನು ತಡೆದವು, ಮಳೆನೀರನ್ನು ಇಂಗಿಸಿದವು, ಮಣ್ಣು ಕೊಚ್ಚಿಹೋಗದಂತೆ ಕಾದವು, ಸೌದೆ ಕೊಟ್ಟವು, ಪೀಡೆಗಳನ್ನು ತಿನ್ನುವ ಹಕ್ಕಿಗಳಿಗೂ ಕೀಟಗಳಿಗೂ ಮನೆಯಾದವು. ಎರಡನೆಯ ಮಹಾಯುದ್ಧದ ಬಳಿಕ ಯಂತ್ರಗಳಿಗೆ ಅನುಕೂಲವಾಗಲೆಂದು ತುಂಡು ಹಿಡುವಳಿಗಳನ್ನು ಒಗ್ಗೂಡಿಸುವ ಕಾರ್ಯ ಭರದಿಂದ ಸಾಗಿ ಬೇಲಿಗಳು ಬುಲ್ಡೋಜರಿಗೆ ಬಲಿಯಾದವು. 1950ರಿಂದೀಚೆಗೆ ಶೇ. 70ರಷ್ಟು ಬೇಲಿಗಳು ನಾಶವಾಗಿವೆ ಎಂದು ಅಲ್ಲಿನ ಕೃಷಿ ಸಚಿವಾಲಯದ ಸಲಹಾ ಮಂಡಳಿಯ 2023ರ ವರದಿ ತಿಳಿಸಿತು. 2017ರಿಂದ 2021ರ ಅವಧಿಯಲ್ಲಿ ವರ್ಷಕ್ಕೆ 23 ಸಾವಿರ ಕಿ.ಮೀ.ಗೂ ಹೆಚ್ಚು ಬೇಲಿ ಕಣ್ಮರೆಯಾಯಿತೆಂಬ ಅಂಶವೂ ಅದರಲ್ಲಿತ್ತು. 2030ರೊಳಗೆ ಬೇಲಿಗಳ ಒಟ್ಟು ಉದ್ದವನ್ನು 50 ಸಾವಿರ ಕಿ.ಮೀ.ನಷ್ಟು ಹೆಚ್ಚಿಸುವ ಗುರಿಯನ್ನು ಸರ್ಕಾರ ಅದೇ ವರ್ಷ ಘೋಷಿಸಿತು. ನೆಡುವ ಕೈಗಿಂತ ಕೀಳುವ ಕೈ ವೇಗವಾಗಿರುವವರೆಗೆ ಈ ಗುರಿ ಕಾಗದದ ಮೇಲೆಯೇ ಉಳಿದೀತು.

ಬೇಲಿಯೊಂದಿಗೆ ಅದರ ಪಕ್ಕದ ಗಾಡಿದಾರಿಯೂ ಹೋಗುತ್ತದೆ. ಇಲ್ಲಿಯೇ ಕಾನೂನಿನ ಒಂದು ಸೂಕ್ಷ್ಮ ಅಡಗಿದೆ. ಫ್ರಾನ್ಸಿನಲ್ಲಿ ಕಮ್ಯೂನಿನ ರಸ್ತೆಗಳು ಸಾರ್ವಜನಿಕ ಆಸ್ತಿಯಾದರೆ, ಹೊಲಗಳ ನಡುವಿನ ಗಾಡಿದಾರಿಗಳು ಕಮ್ಯೂನಿನ ಖಾಸಗಿ ಸ್ವತ್ತು. ಜನ ಬಳಸುವುದನ್ನು ಬಿಟ್ಟರೆ ಅವನ್ನು ಮಾರಬಹುದು. ಅಷ್ಟೇ ಅಲ್ಲ, ಪಕ್ಕದ ಹೊಲದವನು ದಾರಿಯನ್ನು ಉತ್ತು 30 ವರ್ಷ ನಿರಾತಂಕವಾಗಿ ಅನುಭವಿಸಿದರೆ ಅದು ಅವನದೇ ಆಗಿಬಿಡುವ ಸಂಭವವೂ ಇದೆ. ಇದನ್ನು ತಡೆಯಲೆಂದು 2022ರ ಕಾನೂನು ಕಮ್ಯೂನುಗಳಿಗೆ ತಮ್ಮ ಗಾಡಿದಾರಿಗಳ ಪಟ್ಟಿ ಸಿದ್ಧಪಡಿಸುವ ಅವಕಾಶ ನೀಡಿತು. ಪಟ್ಟಿಯ ಕೆಲಸಕ್ಕೆ ಸಭೆ ನಿರ್ಣಯ ಕೈಗೊಂಡರೆ ಆ ಅವಧಿಯ ಎಣಿಕೆ ಸದ್ಯಕ್ಕೆ ನಿಲ್ಲುತ್ತದೆ. ಆದರೂ ಎಲ್ಲಕ್ಕಿಂತ ಬಲವಾದ ದಾಖಲೆ ಜನರ ಹೆಜ್ಜೆ ಮತ್ತು ಚಕ್ರದ ಗುರುತು. ಜನರು ಓಡಾಡುತ್ತಿರುವ ದಾರಿಯನ್ನು ಸಾರ್ವಜನಿಕ ಬಳಕೆಯದೆಂದೇ ಕಾನೂನು ಭಾವಿಸುತ್ತದೆ.

ಈ ಶಾಂತಿಯ ಒಂದು ಭಾಗ ಊರು ಬರಿದಾದುದರ ಫಲ ಎಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಯುವಜನರು ಪಟ್ಟಣ ಸೇರಿದ್ದಾರೆ. ಎಷ್ಟೋ ಊರುಗಳಲ್ಲಿ ಶಾಲೆ, ಅಂಗಡಿ, ರೊಟ್ಟಿಯ ಬೇಕರಿ ಮುಚ್ಚಿವೆ. ಸೈಕಲ್ ಪ್ರವಾಸಿಗರಿಂದ ಊರು ಮತ್ತೆ ತುಂಬುತ್ತದೆ ಎಂದು ನಂಬುವುದು ಅತಿಯಾಸೆ. ಆದರೆ ದಿನಕ್ಕೆ 50 ಕಿ.ಮೀ. ಸಾಗುವವನು ಹಸಿಯುತ್ತಾನೆ, ಬಾಯಾರುತ್ತಾನೆ, ಸಂಜೆ ತಂಗಲು ಜಾಗ ಕೇಳುತ್ತಾನೆ. ಕಾರಿನವನು ಧೂಳೆಬ್ಬಿಸಿ ದಾಟಿಹೋಗುವ ಊರಿನಲ್ಲಿ ಅವನು ನಿಲ್ಲುತ್ತಾನೆ. ಆ ನಿಲುಗಡೆಯಿಂದ ಒಂದು ಬೇಕರಿ, ಒಂದು ವಸತಿಮನೆ ಉಳಿದರೂ ಅದು ಕಡಿಮೆಯಲ್ಲ.

ಊರ ದಾರಿಯ ಬೆಲೆ ಏನೆಂಬುದನ್ನು ಮಲೆನಾಡಿನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ತೋಟದ ಬೇಲಿ, ಗಾಡಿದಾರಿ, ರಸ್ತೆಯಂಚಿನ ಸಾಲುಮರ ಇವೆಲ್ಲ ಇಲ್ಲಿನ ದಿನನಿತ್ಯದ ಬದುಕೇ ಆಗಿವೆ. ಯಾರೂ ನಡೆಯದ ದಾರಿಯನ್ನು ಉಳಿಸುವುದು ಯಾವ ಕಾನೂನಿಗೂ ಕಷ್ಟ, ಸದಾ ನಡೆಯುವ ದಾರಿಯನ್ನು ಕಸಿದುಕೊಳ್ಳುವುದು ಯಾರಿಗೂ ಕಷ್ಟ ಎಂಬ ಮಾತಿಗೆ ಫ್ರಾನ್ಸಿನ ಬಿಳಿ ಗೆರೆಗಳು ಸಾಕ್ಷಿ ನುಡಿಯುತ್ತಿವೆ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಯೂ ಹೊಲದ ಅಂಚಿನಲ್ಲಿ ನಡೆದು ಪೇಟೆಗೆ ಹೋಗುವ ಮುದುಕನೂ ತಮಗರಿವಿಲ್ಲದೆಯೇ ಊರಿನ ಆಸ್ತಿಯೊಂದನ್ನು ಕಾಯುತ್ತಿರುತ್ತಾರೆ.