ಮರೆತವರನ್ನೂ ಕೇಳಿ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಇದೆಯಲ್ಲ, ಅದರಿಂದ ಅನುಕೂಲವಾದದ್ದು ಅರವತ್ತು ದಾಟಿದವರಿಗಲ್ಲ, ಅವರ ಸುತ್ತ ಇರುವವರಿಗೆ. ಅಜ್ಜಿ ಏನೋ ಹೇಳಲು ಬಾಯಿ ತೆರೆದರೆ "ಅರಳು ಮರಳು, ಬಿಡಿ" ಎಂದು ಎದ್ದುಹೋಗಲು ಅಷ್ಟೇ ಸಾಕು. ಮನೆಯವರು ಹಾಗೆ ಎದ್ದುಹೋದರೆ ಕೆಲಸದ ಗಡಿಬಿಡಿ ಎನ್ನೋಣ. ಆದರೆ ಆ ಕಾಯಿಲೆಯನ್ನೇ ಅಭ್ಯಾಸ ಮಾಡಲು ಬಂದವರೂ ಎದ್ದುಹೋದರೆ? ನನ್ನ ತಕರಾರು ಇರುವುದು ಅಲ್ಲಿ.

ಇದು ನಾಲ್ಕು ಮನೆಯ ಮಾತಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಕಾಯಿಲೆಯ ದೊಡ್ಡ ಪಾಲೂ ಹೆಂಗಸರಿಗೆ, ಆರೈಕೆಯ ದೊಡ್ಡ ಪಾಲೂ ಹೆಂಗಸರಿಗೆ. ಆದರೆ ಏನನ್ನು ಸಂಶೋಧಿಸಬೇಕು ಎಂದು ತೀರ್ಮಾನಿಸುವ ಕೋಣೆಯಲ್ಲಿ ಈ ಹೆಂಗಸರಿಗೆ ಒಂದು ಮಣೆಯೂ ಇಲ್ಲ!

ಅತ್ತೆಯವರನ್ನು ಏಳು ವರ್ಷ ನೋಡಿಕೊಂಡವಳು ನಾನು. ಹಗಲು ಶಾಲೆ, ಸಂಜೆಯಿಂದ ಬೆಳಗಿನವರೆಗೆ ಅವರು. ಆಗೊಮ್ಮೆ ಸಮೀಕ್ಷೆಯವರು ಬಂದರು. ಜಗಲಿಯಲ್ಲಿ ನಮ್ಮ ಯಜಮಾನರನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು. ಎಷ್ಟು ವರ್ಷದಿಂದ? ಔಷಧಕ್ಕೆ ತಿಂಗಳಿಗೆ ಎಷ್ಟು? ರಾತ್ರಿ ಎಷ್ಟು ಸಲ ಏಳುತ್ತಾರೆ? ಈ ಕೊನೆಯ ಪ್ರಶ್ನೆಗೆ ಯಜಮಾನರು ತಿರುಗಿ ನನ್ನ ಮುಖ ನೋಡಿದರು. ರಾತ್ರಿ ಅವರ ಜೊತೆ ಏಳುತ್ತಿದ್ದವಳು ನಾನಲ್ಲವೇ! ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನಾನು ಹೇಳಿದೆ. ಅವರು ಬರೆದುಕೊಂಡದ್ದು ಯಜಮಾನರ ಹೆಸರಿನಲ್ಲಿ. ಅತ್ತೆಯವರು ಅಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದರು. ಅವರನ್ನು ಒಂದು ಮಾತೂ ಕೇಳಲಿಲ್ಲ.

ನನಗೆ ಬೇಕಿದ್ದ ಪ್ರಶ್ನೆಗಳೇ ಬೇರೆ. ದೀಪ ಹಚ್ಚುವ ಹೊತ್ತಿಗೆ ಇವರಿಗೆ ತಳಮಳ ಏಕೆ ಶುರುವಾಗುತ್ತದೆ? ಸ್ನಾನವೆಂದರೆ ಏಕೆ ಬೆದರುತ್ತಾರೆ? ನೋಡಿಕೊಳ್ಳುವವಳು ಎರಡು ದಿನ ತವರಿಗೆ ಹೋಗಬೇಕಾದರೆ ಆಕೆಯ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಇವಕ್ಕೆ ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಫಲಿತಾಂಶ ಏನಾಯಿತೆಂದು ಆಮೇಲೆ ಒಂದು ಕಾರ್ಡೂ ಬರಲಿಲ್ಲ. ಪಾಠ ಮಾಡಿದವರನ್ನು ಕೇಳದೆ ಪ್ರಶ್ನೆಪತ್ರಿಕೆ ತೆಗೆಯುವವರನ್ನು ನಾನು ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಇದೂ ಅದೇ ಜಾತಿಯದು.

ನೆನಪಿನ ಪರೀಕ್ಷೆಯನ್ನೇ ನೋಡಿ. ಜಗತ್ತಿನಲ್ಲೆಲ್ಲ ಬಳಕೆಯಾದ ಒಂದು ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ ಎಂದು ಅದು ಕೇಳುತ್ತದೆ. ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿಯ ಮುಂದೆ ಕುಳಿತ ಅಜ್ಜಿಗೆ ಈ ಪ್ರಶ್ನೆ ಹಾಕಿದರೆ ನಿಮ್ಮ ಮುಖವನ್ನೇ ನೋಡಿಯಾಳು. ನೂರರ ನೋಟು ಕೊಟ್ಟು ಅರವತ್ತರ ಬಂಗಡೆ ತೆಗೆದುಕೊಂಡರೆ ಚಿಲ್ಲರೆ ಎಷ್ಟು ಎಂದು ಕೇಳಿ, ಥಟ್ಟನೆ ಹೇಳಿಯಾಳು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ನೂರಾರು ಹಾಡುಗಳನ್ನು ನೆನಪಿನಲ್ಲೇ ಕಾಪಾಡಿಕೊಂಡು ಬಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅವರಂತೆ ಶಾಲೆ ಕಾಣದ ಹೆಂಗಸರಿಗೆ "ವಾಕ್ಯ ಬರೆಯಿರಿ" ಎಂಬಲ್ಲಿ ಬೀಳುವುದು ಸೊನ್ನೆ. ಆ ಸೊನ್ನೆ ಯಾರದು?

ಕೇಳಿ ತಿದ್ದಿಕೊಂಡವರೂ ಇದ್ದಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರು ಅದೇ ಪರೀಕ್ಷೆಯನ್ನು ಅಕ್ಷರ ಬಾರದವರಿಗೆ ಒಗ್ಗುವಂತೆ ಬದಲಿಸಿದರು. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ವಾಕ್ಯ ಬರೆಸುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಸಂತೋಷ. ಆದರೆ ಕಾರವಾರದ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕೊಂಕಣಿ. ಈ ಐದರಲ್ಲಿ ಅದಿಲ್ಲ. ಕಲಿತ ಭಾಷೆ ಮೊದಲು ಜಾರಿ ಹುಟ್ಟುಮಾತು ಮಾತ್ರ ಉಳಿದ ಮುದುಕಿಯರನ್ನು ಕಂಡವರು ಇದರ ಕಷ್ಟ ಬಲ್ಲರು.

ಇನ್ನೊಂದು ಪ್ರಶ್ನೆ: "ಇದು ಯಾವ ಊರು?" ಬೇರೆ ಕಡೆ ಇದು ಸುಲಭದ ಪ್ರಶ್ನೆ. ನಮ್ಮಲ್ಲಿ ಅಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕಾರವಾರ-ಅಂಕೋಲೆಗಳ ನಡುವಿನ ಕಡಲಂಚಿನಿಂದ ಸಾವಿರಾರು ಕುಟುಂಬಗಳು ಮನೆ, ತೋಟ, ದೇವಸ್ಥಾನ ಬಿಟ್ಟು ಎದ್ದವು. ಹಾಗೆ ಎದ್ದುಬಂದ ಮುದುಕಿ, ಬೇಲಿಯೊಳಗೆ ಸೇರಿಹೋದ ತನ್ನ ಹಳೆಯ ಊರಿನ ಹೆಸರನ್ನು ಹೇಳಿದರೆ ಹಾಳೆಯಲ್ಲಿ ತಪ್ಪು ಗುರುತು ಬೀಳುತ್ತದೆ. ಅದು ಮರೆವೋ, ಮರೆಯಲಾಗದ್ದೋ? ಉತ್ತರ ಗೊತ್ತಿರುವುದು ಆಕೆಯ ಸೊಸೆಗೆ. ಅವಳನ್ನು ಕೇಳಿದರೆ ತಾನೇ!

"ಮರೆತವರು ಏನು ಹೇಳಿಯಾರು?" ಎನ್ನುತ್ತಾರೆ. ಈ ಶಾಸ್ತ್ರ ಶುರುವಾದದ್ದೇ ಮರೆತವಳನ್ನು ಕೇಳಿದ್ದರಿಂದ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅಲ್ಜೈಮರ್ ಐವತ್ತೊಂದರ ಒಬ್ಬ ಹೆಂಗಸಿನೆದುರು ಕುಳಿತು, ಪ್ರಶ್ನೆ ಕೇಳಿ, ಆಕೆ ತಡವರಿಸಿದ ಮಾತನ್ನು ಹಾಗೆ ಹಾಗೆಯೇ ಬರೆದಿಟ್ಟ. ಆ ರೋಗಕ್ಕೆ ಅವನ ಹೆಸರು ಬಂತು. ಕುಳಿತು ಕೇಳುವ ಅವನ ಸಹನೆ ಮಾತ್ರ ಬರಲಿಲ್ಲ. ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ಡಿಮೆನ್ಷಿಯಾ ಇರುವವರೇ ಸೇರಿ ತಮ್ಮದೊಂದು ತಂಡ ಕಟ್ಟಿಕೊಂಡು ಸರ್ಕಾರಕ್ಕೆ ಮಾತು ಹೇಳಿದರು. ಕಾಯಿಲೆ ಒಂದೇ ದಿನ ನಾಲಿಗೆ ಕಿತ್ತುಕೊಳ್ಳುವುದಿಲ್ಲ. ಮೊದಲ ವರ್ಷಗಳಲ್ಲಿ ತನಗೇನು ಬೇಕೆಂದು ಹೇಳುವ ಶಕ್ತಿ ಎಷ್ಟೋ ಮಂದಿಗೆ ಇರುತ್ತದೆ. ಕೇಳುವ ಕಾಲ ಅದು.

"ನೋಡಿಕೊಳ್ಳುವವರಿಗೆ ಪುರುಸೊತ್ತೆಲ್ಲಿ?" ಎನ್ನುತ್ತಾರೆ. ನಿಜ, ಇಲ್ಲ. ಹಾಗಾದರೆ ಪುರುಸೊತ್ತು ಮಾಡಿಕೊಡಿ. ಸಭೆಗೆ ಕರೆದ ದಿನ ಮನೆಯಲ್ಲಿ ಬದಲಿ ಕೈ ಒದಗಿಸಿ, ಬಸ್ಸಿನ ಖರ್ಚು ಕೊಡಿ, ತಜ್ಞರಿಗೆ ಕೊಡುವ ಸಂಭಾವನೆಯಲ್ಲಿ ಒಂದು ಪಾಲನ್ನು ಇವರಿಗೂ ಕೊಡಿ. ಇವರೂ ತಜ್ಞರೇ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಒಪ್ಪಿದ ಕಾರ್ಯಯೋಜನೆಯಲ್ಲಿ ಕಾಯಿಲೆಯವರೂ ಆರೈಕೆಯವರೂ ಪಾಲುಗೊಳ್ಳಬೇಕೆಂಬ ತತ್ತ್ವ ಸ್ಪಷ್ಟವಾಗಿದೆ. ನಮ್ಮ ರಾಜ್ಯವೂ ಸುಮ್ಮನೆ ಕುಳಿತಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಸಾವಿರಾರು ಹಳ್ಳಿಗರನ್ನು ವರ್ಷಗಟ್ಟಲೆ ಅಭ್ಯಾಸ ಮಾಡಲು ಹೊರಟಿತು; ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯದ ಕಾರ್ಯಕ್ರಮ ಆರಂಭಿಸಿತು. ಇಂಥ ಕೆಲಸ ನಮ್ಮ ಕಡಲತೀರಕ್ಕೂ ಬರಲಿ, ಬೇಡವೆನ್ನುವವಳು ನಾನಲ್ಲ. ಆದರೆ ಬರುವ ಮೊದಲೇ, ಪ್ರಶ್ನೆ ಅಚ್ಚಾಗುವ ಮುಂಚೆಯೇ, ಕಾರವಾರ ಅಂಕೋಲೆಗಳ ಹತ್ತು ಮನೆಯ ಸೊಸೆಯಂದಿರನ್ನೂ ಮಗಳಂದಿರನ್ನೂ ಕರೆದು ಕೂರಿಸಲಿ. ಕೊಂಕಣಿಯಲ್ಲೂ ಹಾಲಕ್ಕಿ ಮಾತಿನಲ್ಲೂ ಕೇಳುವವರಿರಲಿ. ಕಾಯಿಲೆಯವರ ಒಪ್ಪಿಗೆಯನ್ನು ಒಮ್ಮೆ ಹೆಬ್ಬೆಟ್ಟು ಒತ್ತಿಸಿ ಮುಗಿಸದೆ ಪ್ರತಿ ಸಲವೂ ಕೇಳಲಿ. ಆಕೆ ಕೈ ದೂಡಿದರೆ ಅದು "ಬೇಡ" ಎಂದೇ ಅರ್ಥ. ತಿಳಿದುಬಂದದ್ದನ್ನು ಅದೇ ಜಗಲಿಗೆ ಬಂದು ಹೇಳಲಿ.

ಓದುತ್ತಿರುವ ಅಕ್ಕತಂಗಿಯರಿಗೆ ಒಂದು ಮಾತು. ನಾಳೆ ನಿಮ್ಮ ಮನೆಗೂ ಫಾರ್ಮು ಹಿಡಿದು ಯಾರಾದರೂ ಬಂದರೆ ಚಹ ಕೊಡಿ, ಆದರೆ ಬಾಗಿಲಲ್ಲಿ ನಿಲ್ಲಬೇಡಿ. ಎದುರಿಗೆ ಕುಳಿತು "ಈ ಪ್ರಶ್ನೆಗಳನ್ನು ಯಾರು ಬರೆದರು?" ಎಂದು ಮೊದಲು ನೀವು ಕೇಳಿ.